ಅಮ್ಮ ಸುಮ್ಮನಾದ ಹತ್ತು ನಿಮಿಷ

ಭಾನುವಾರ ಬೆಳಗ್ಗೆ ಎಂಟಕ್ಕೆ ನನ್ನ ಗಂಡನ ಫೋನು ಬಡಿದುಕೊಂಡಾಗಲೇ ನನಗೆ ಗೊತ್ತಾಯಿತು, ಇವತ್ತಿನ ಸವಾರಿ ನನ್ನೊಬ್ಬಳ ತಲೆ ಮೇಲೆಯೇ ಎಂದು. ಅವರು ಲಿಫ್ಟ್ ಮೆಕ್ಯಾನಿಕ್. ಈ ಊರಿನ ಜನ ವಾರವಿಡೀ ಸರಿಯಾಗಿ ಹತ್ತಿಳಿದು, ಭಾನುವಾರ ಬಂತೆಂದರೆ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. "ಒಂದು ಗಂಟೆ ಕೆಲಸ, ನೀವು ಹೊರಟಿರಿ, ನಾನು ಸೀದಾ ನೀರಿನ ದಂಡೆಗೇ ಬರ್ತೀನಿ" ಎಂದು ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ಮದುವೆಯಾಗಿ ಹನ್ನೊಂದು ವರ್ಷವಾಯಿತು. ಅವರ ಒಂದು ಗಂಟೆ ಎಷ್ಟುದ್ದ ಎಂದು ನನಗೆ ಚೆನ್ನಾಗಿ ಗೊತ್ತು.

ಅಪ್ಪ ಅಮ್ಮ ನಮ್ಮ ಮನೆಗೆ ಬಂದು ಎಂಟು ದಿನವಾಗಿತ್ತು. ನಾಳೆ ಬೆಳಗಿನ ರೈಲಿಗೆ ವಾಪಸ್. ಹೋಗುವಾಗ ನನ್ನ ಮಗಳನ್ನೂ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಶಾಲೆಗೆ ರಜೆ, ಪೂರ್ತಿ ಒಂದು ತಿಂಗಳು. ಆ ತಿಂಗಳಿಗಾಗಿ ನಾನು ಎಷ್ಟು ಹಾತೊರೆಯುತ್ತಿದ್ದೆ ಎಂದರೆ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲ್ಲಿನಲ್ಲಿ ತೆಳ್ಳಗೆ ಒಂದು ಗೆರೆ ಎಳೆದಿಟ್ಟಿದ್ದೆ, ಬೇರೆ ಯಾರಿಗೂ ಕಾಣದ ಹಾಗೆ. ಮಗಳೆಂದರೆ ನನಗೆ ಜೀವ, ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಆದರೆ ಏಳು ವರ್ಷದಿಂದ ನಾನು ಒಂದು ದಿನವೂ ತಾನಾಗಿ ನಿದ್ದೆ ತಿಳಿದು ಎದ್ದವಳಲ್ಲ, ಯಾರಾದರೂ ಎಬ್ಬಿಸಿಯೇ ಎದ್ದಿದ್ದೇನೆ. ಒಂದು ತಿಂಗಳು ಕೆಲಸದಿಂದ ಬಂದು, ಚಪ್ಪಲಿ ಬಿಟ್ಟು, ಯಾರಿಗೂ ಉತ್ತರ ಕೊಡದೆ ಗೋಡೆ ನೋಡುತ್ತ ಕೂರಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಮಗಳನ್ನು ನಾವು ಬುಗುರಿ ಎನ್ನುತ್ತೇವೆ. ನಿಂತಲ್ಲಿ ನಿಲ್ಲುವ ಜಾತಿಯಲ್ಲ. ಆ ದಿನ ಬೆಳಗ್ಗೆ ಅವಳು ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಮನೆಯ ಮೂರು ಕೋಣೆಗಳನ್ನೂ ಸುತ್ತುತ್ತಿದ್ದಳು, ಇನ್ನೊಂದು ಸಾಕ್ಸ್ ಹಿಡಿದುಕೊಂಡು ನಾನು ಹಿಂದೆ. ಇತ್ತ ಬ್ರೆಡ್ಡಿಗೆ ಬೆಣ್ಣೆ ಸವರಬೇಕು, ಅತ್ತ ನೀರಿನ ಬಾಟಲಿ ತುಂಬಬೇಕು, ಅಪ್ಪನ ಮಾತ್ರೆ, ಅಮ್ಮನ ಸ್ವೆಟರ್. ಇದರ ನಡುವೆ ಅಮ್ಮನ ದನಿ ನಲ್ಲಿಯ ನೀರಿನಂತೆ ಸುರಿಯುತ್ತಲೇ ಇತ್ತು.

ಅಮ್ಮನ ಮಾತಿನ ವಿಷಯ ಇಲ್ಲೇ ಹೇಳಿಬಿಡಬೇಕು. ಅವಳು ಮೊದಲಿನಿಂದಲೂ ಮಾತುಗಾರ್ತಿಯೇ. ಆದರೆ ಈ ಸಲ ಅದು ಎಲ್ಲೆ ಮೀರಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳುವುದು. "ರೀ, ಟೀ ಬಲಗಡೆ ಇಟ್ಟಿದ್ದೀನಿ, ಕಪ್ಪಿನ ಹಿಡಿ ನಿಮ್ಮ ಕಡೆಗೇ ಇದೆ." "ಬುಗುರಿ ಆಟದ ಸಾಮಾನೆಲ್ಲ ಬಾಗಿಲ ಹತ್ರ ಹರಡಿದ್ದಾಳೆ ನೋಡಿ." "ಮಗಳು ಬಂದ್ಲು ರೀ, ಹಸಿರು ಅಂಗಿ ಹಾಕ್ಕೊಂಡಿದ್ದಾಳೆ, ಮುಖ ಸಪ್ಪಗಿದೆ." ನಾನು ಒಳಗೆ ಬಂದದ್ದು ನನಗೇ ಗೊತ್ತಿಲ್ಲವೇನೋ ಎಂಬಂತೆ! ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಹಿಂದಿನ ಕೋಣೆಯಲ್ಲಿ ಕೂತು ಲೆನ್ಸ್ ಉಜ್ಜಿ, ಅಂಚು ಕೊರೆದು, ಫ್ರೇಮಿಗೆ ಕೂರಿಸುವುದು. ಮುಂದಿನ ಕೌಂಟರಿನವಳು ರಜೆ ಹಾಕಿದರೆ ಗಿರಾಕಿಗಳ ಕಣ್ಣು ಪರೀಕ್ಷೆಯೂ ನನ್ನದೇ. ದಿನವಿಡೀ ಆ ಯಂತ್ರದ ಕಿರ್ ಸದ್ದು ಕೇಳಿ ಕೇಳಿ, ಮನೆಗೆ ಬರುವಾಗ ನನ್ನ ಕಿವಿಯಲ್ಲಿ ಇನ್ನು ಒಂದು ಪದಕ್ಕೂ ಜಾಗವಿರುವುದಿಲ್ಲ. ಆಗ ಅಮ್ಮನ ರೇಡಿಯೋ.

ಅಪ್ಪನದು ಇನ್ನೊಂದು ಬಗೆ. ಅವರು ಬೋರ್ಡ್ ಬರೆಯುತ್ತಿದ್ದವರು. ನಲವತ್ತು ವರ್ಷ ಅಂಗಡಿಗಳ ಹೆಸರು, ಶಾಲೆಗಳ ಹೆಸರು, ದೋಣಿಗಳ ಹೆಸರು, ಎಲ್ಲ ಕುಂಚದಲ್ಲೇ. ಚಿಕ್ಕವಳಿದ್ದಾಗ ಅವರ ಜೊತೆ ಪೇಟೆಗೆ ಹೋಗುವುದೆಂದರೆ ನನಗೆ ಹಬ್ಬ. "ಆ ಅಕ್ಷರ ನೋಡು, ಹೊಟ್ಟೆ ದಪ್ಪ ಆಗಿದೆ, ಊಟ ಜಾಸ್ತಿಯಾಗಿದೆ ಅದಕ್ಕೆ" ಎಂದು ಒಂದೊಂದು ಬೋರ್ಡಿನ ಮರ್ಯಾದೆ ತೆಗೆಯುತ್ತಿದ್ದರು. ಈ ಸಲ ಎಂಟು ದಿನದಲ್ಲಿ ಒಂದೇ ಒಂದು ಬೋರ್ಡಿನ ಮೇಲೂ ಚಕಾರವೆತ್ತಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಮುಖವನ್ನೇ ನೋಡಲಿಲ್ಲ. ನಾನು ಮಾತಾಡಿಸಿದರೆ ಅವರ ನೋಟ ನನ್ನ ಕಿವಿಯ ಪಕ್ಕ, ಹೆಗಲಿನಾಚೆ, ಹಿಂದಿನ ಗೋಡೆಯ ಕಡೆ. ಮಗುವನ್ನು ಸಾಕಲಾರದೆ ತಿಂಗಳಿಗೆಂದು ಅಟ್ಟುತ್ತಿದ್ದೇನೆಂದು ಅವರಿಗೆ ನನ್ನ ಮೇಲೆ ಸಿಟ್ಟು ಎಂದುಕೊಂಡೆ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ "ಅಂಗಡಿಗೆ ಬನ್ನಿ ಅಪ್ಪ, ಕಣ್ಣು ಚೆಕ್ ಮಾಡಿ ಹೊಸ ಕನ್ನಡಕ ಮಾಡಿಕೊಡ್ತೀನಿ" ಎಂದೆ, ರಾಜಿ ಮಾಡಿಕೊಳ್ಳುವವಳಂತೆ. "ಇದೇ ಚೆನ್ನಾಗಿದೆ. ನೀನೇ ಮಾಡಿಕೊಟ್ಟಿದ್ದಲ್ವಾ" ಎಂದರು ಅಪ್ಪ, ಗೋಡೆಗೆ. ಆಮೇಲೆ ನನಗೂ ಸಿಟ್ಟು ಬಂತು. ಏಳು ವರ್ಷ ಸಾಕಿದ್ದು ಲೆಕ್ಕಕ್ಕಿಲ್ಲ, ಒಂದು ತಿಂಗಳು ಕಳಿಸಿದ್ದೇ ದೊಡ್ಡದಾಯಿತೇ?

ಎರಡು ಬಸ್ಸು ಬದಲಿಸಿ ನೀರಿನ ದಂಡೆಗೆ ಬಂದಾಗ ಹನ್ನೊಂದಾಗಿತ್ತು. ಎರಡನೆಯ ಬಸ್ಸಿನಲ್ಲಿ ಸೀಟಿರಲಿಲ್ಲ. ಬುಗುರಿ ನನ್ನ ಸೊಂಟಕ್ಕೆ ಜೋತುಬಿದ್ದಿದ್ದಳು, ತಿಂಡಿಯ ಚೀಲ ಹೆಗಲಿಗೆ. ಇಳಿಯುವಷ್ಟರಲ್ಲಿ ನನ್ನ ತಲೆಯ ಎಡಭಾಗ ಟಣ್ ಟಣ್ ಎನ್ನುತ್ತಿತ್ತು. ದಂಡೆ ಎಂದರೆ ಉದ್ದಕ್ಕೂ ಬೂದು ಕಲ್ಲು ಹಾಸಿದ ಅಗಲವಾದ ದಾರಿ, ಒಂದು ಬದಿ ಬೆಂಚುಗಳು, ಇನ್ನೊಂದು ಬದಿ ನೀರಿಗೆ ಅಡ್ಡವಾಗಿ ಕಬ್ಬಿಣದ ಕಟಾಂಜನ. ದೋಣಿ ಹತ್ತುವ ಕಡೆ ಮಾತ್ರ ಕಟಾಂಜನ ಬಿಟ್ಟು, ನೀರಿಗೆ ಇಳಿಯುವ ಮೆಟ್ಟಿಲುಗಳು. ಅವೂ ಅದೇ ಬೂದು ಕಲ್ಲು. ಈ ಊರಿಗೆ ಬಂದು ಒಂಬತ್ತು ವರ್ಷವಾದರೂ ನಾನು ಇಲ್ಲಿಗೆ ಬಂದದ್ದು ಮೂರೋ ನಾಲ್ಕೋ ಸಲ, ಅದೂ ಹೀಗೆ ಯಾರನ್ನಾದರೂ ಕರೆತರಲು.

ಅಪ್ಪ ಅಮ್ಮನ ಕೈಚೀಲದ ಪಟ್ಟಿ ಹಿಡಿದು ನಡೆಯುತ್ತಿದ್ದರು. ವಯಸ್ಸಾದ ಮೇಲೆ ಪ್ರೀತಿ ಉಕ್ಕಿದೆ ಎಂದುಕೊಂಡೆ. ಅಮ್ಮ ಶುರುಮಾಡಿದಳು.

"ಇಲ್ಲಿ ಕಲ್ಲು ಸ್ವಲ್ಪ ಎದ್ದಿದೆ ರೀ. ಎಡಗಡೆ ಬೆಂಚು, ಇಬ್ಬರು ಕೂತಿದ್ದಾರೆ, ಗಂಡಸು ಪೇಪರ್ ಓದ್ತಾ ಇದ್ದಾನೆ. ಎದುರಿಗೆ ಸೈಕಲ್, ಹೋಯ್ತು, ಹೋಯ್ತು. ನೀರು ನೀಲಿ ಇದೆ. ಒಂದು ದೊಡ್ಡ ದೋಣಿ ಇದೆ, ಅದೂ ನೀಲಿ."

"ಯಾವ ನೀಲಿ?" ಅಪ್ಪ ಕೇಳಿದರು.

"ಯಾವ ನೀಲಿ ಅಂದ್ರೆ? ನೀಲಿ ನೀಲಿ. ಆಕಾಶವೂ ನೀಲಿ."

"ಎಲ್ಲಾ ಒಂದೇ ಡಬ್ಬಿಯಿಂದ ಬಳಿದಿದ್ದಾರೆ ಅನ್ನು."

"ನನಗೇನು ಗೊತ್ತು ನಿಮ್ಮ ಡಬ್ಬಿ ವಿಷಯ! ಒಂದು ನಾಯಿ ಬರ್ತಾ ಇದೆ, ಚಿಕ್ಕದು, ಏನೂ ಮಾಡಲ್ಲ. ಬುಗುರಿ ಮುಂದೆ ಓಡಿದ್ಲು, ನಿಂತ್ಲು. ಐಸ್‌ಕ್ರೀಮ್ ಗಾಡಿ ಬಂತು ನೋಡಿ, ಜನ ಕ್ಯೂ ನಿಂತಿದ್ದಾರೆ, ಹತ್ತು ಜನ ಇರಬಹುದು..."

ನನ್ನ ತಲೆ ಚಿಟ್ಟು ಹಿಡಿಯಿತು. ಕ್ಯೂ ನನಗೂ ಕಾಣುತ್ತಿತ್ತು. ಅದರಲ್ಲಿ ನಿಲ್ಲಬೇಕಾದವಳೂ ನಾನೇ ಎಂದೂ ಕಾಣುತ್ತಿತ್ತು. ಗಂಡ ಎಲ್ಲೋ ಲಿಫ್ಟಿನ ತಲೆ ಮೇಲೆ ಕೂತಿದ್ದಾರೆ, ಅಪ್ಪ ಮುಖ ಕೊಟ್ಟು ಮಾತಾಡುವುದಿಲ್ಲ, ಮಗಳು ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳೆ, ಅಮ್ಮನ ಬಾಯಿಗೆ ಬೀಗವಿಲ್ಲ. ಎಂಟು ದಿನದಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೇ ಮೇಲೆ ಬಂತು.

"ಅಮ್ಮ, ನಿನ್ನ ದಮ್ಮಯ್ಯ, ಒಂದೇ ಒಂದು ಗಂಟೆ ಬಾಯಿ ಮುಚ್ಕೊಂಡಿರು! ಎಲ್ಲಾ ನೀನೇ ಹೇಳಬೇಕಾ? ನಮಗೇನು ಕಣ್ಣಿಲ್ವಾ?"

ಬೆಂಚಿನ ಮೇಲಿದ್ದವನು ಪೇಪರ್ ಕೆಳಗಿಳಿಸಿ ನಮ್ಮನ್ನು ನೋಡಿದ. ಅಮ್ಮ ತೆರೆದ ಬಾಯಿ ಹಾಗೇ ಮುಚ್ಚಿದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಅಪ್ಪನನ್ನು. ಅಪ್ಪ ಚೀಲದ ಪಟ್ಟಿ ಬಿಟ್ಟರು. "ಹೋಗು, ಕೂತ್ಕೋ ಸ್ವಲ್ಪ. ನಾನು ಮಗು ಹತ್ರ ಇರ್ತೀನಿ" ಎಂದರು, ಮೆಲ್ಲಗೆ. ಅಮ್ಮ ದೂರದ ಖಾಲಿ ಬೆಂಚಿಗೆ ಹೋಗಿ ಕೂತಳು. ನಾನು ಬುಗುರಿಯ ಕೈಯನ್ನು ಅಪ್ಪನ ಕೈಗೆ ಕೊಟ್ಟೆ. "ಎಲ್ಲೂ ಹೋಗಬೇಡಿ, ಇಲ್ಲೇ ನಿಂತಿರಿ" ಎಂದು ಕ್ಯೂಗೆ ಹೋದೆ.

ಪಶ್ಚಾತ್ತಾಪವಾಯಿತೇ ಎಂದರೆ, ಇಲ್ಲ. ಕ್ಯೂ ಮೆಲ್ಲಗೆ ಸರಿಯುತ್ತಿತ್ತು, ನನಗೆ ಅದೂ ಬೇಸರವಾಗಲಿಲ್ಲ. ಯಾರೂ ನನಗೆ ಏನನ್ನೂ ಹೇಳುತ್ತಿರಲಿಲ್ಲ. ನಾಳೆ ಇಷ್ಟು ಹೊತ್ತಿಗೆ ರೈಲು ಹೊರಟಿರುತ್ತದೆ ಎಂದುಕೊಂಡೆ. ಸ್ಟೇಷನ್ನಿನಿಂದ ಬಂದು ಮೊದಲು ಮಲಗುತ್ತೇನೆ. ಎದ್ದು ಮತ್ತೆ ಮಲಗುತ್ತೇನೆ. ತಿರುಗಿ ನೋಡಿದರೆ ಅಮ್ಮ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು, ಕಾಲು ಚಾಚಿ, ನೀರನ್ನು ನೋಡುತ್ತ ಕೂತಿದ್ದಳು. ಅವಳು ಹಾಗೆ ಸುಮ್ಮನೆ ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮುನಿಸು ಎಂದುಕೊಂಡು ಮುಂದಕ್ಕೆ ತಿರುಗಿದೆ. ನನ್ನ ಮುಂದೆ ಇನ್ನು ಇಬ್ಬರಿದ್ದರು.

ಆಗ ಬುಗುರಿಯ ಕೂಗು ಕೇಳಿತು. "ಅಮ್ಮಾ! ಅಜ್ಜ ಬಿದ್ರು!"

ಓಡಿದೆ. ದೋಣಿ ಹತ್ತುವ ಮೆಟ್ಟಿಲುಗಳ ಹತ್ತಿರ ಜನ ಸೇರುತ್ತಿದ್ದರು. ಅಪ್ಪ ನಾಲ್ಕನೆಯ ಮೆಟ್ಟಿಲಿನ ಮೇಲೆ ಒಂದು ಕೈ ಊರಿ ವಾರೆಯಾಗಿ ಕೂತಿದ್ದರು, ಬಲಗಾಲು ಮಂಡಿಯವರೆಗೆ ನೀರಿನಲ್ಲಿ. ಪ್ಯಾಂಟು ಹರಿದು ಮಂಡಿಯಿಂದ ರಕ್ತ ಬರುತ್ತಿತ್ತು. ದೋಣಿಯವನೊಬ್ಬ ಅವರ ತೋಳು ಹಿಡಿದಿದ್ದ. "ಇನ್ನೆರಡು ಮೆಟ್ಟಿಲು ಜಾರಿದ್ರೆ ಆಳ ಕಣ್ರೀ ಇಲ್ಲಿ! ಯಾರಮ್ಮ ಇವರ ಕಡೆಯವರು?" ಎಂದು ಗದರಿದ. "ನಾನು" ಎಂದೆ. ಬುಗುರಿ ಮೇಲಿನ ಮೆಟ್ಟಿಲಿನಲ್ಲೇ ನಿಂತಿದ್ದಳು, ಕಾಲೂ ಒದ್ದೆಯಾಗದೆ, ಒಂದು ಗಾಯವಿಲ್ಲದೆ. ಮೀನು ನೋಡಲು ಅಜ್ಜನ ಕೈ ಬಿಡಿಸಿಕೊಂಡು ಓಡಿಬಂದಿದ್ದಳು. ಅಜ್ಜ ಅವಳ ದನಿ ಹಿಡಿದು ಹಿಂದೆ ಬಂದಿದ್ದರು. ಕಲ್ಲು ಮುಗಿದು ಮೆಟ್ಟಿಲು ಶುರುವಾಗಿದ್ದು ಅವರಿಗೆ ಗೊತ್ತಾಗಿರಲಿಲ್ಲ.

ಇಬ್ಬರೂ ಸೇರಿ ಅಪ್ಪನನ್ನು ಮೇಲೆ ತಂದು ಕೂರಿಸಿದೆವು. ಭಯ ಇಳಿದ ಮೇಲೆ ನನಗೆ ಬಂದದ್ದು ಮತ್ತೆ ಸಿಟ್ಟೇ. "ಇಷ್ಟು ದೊಡ್ಡ ಮೆಟ್ಟಿಲು ಕಾಣಲಿಲ್ವಾ ಅಪ್ಪ? ಎಲ್ಲಿ ನೋಡ್ಕೊಂಡು ನಡೀತಿದ್ರಿ?"

ಉತ್ತರ ಕೊಟ್ಟಿದ್ದು ಬುಗುರಿ. "ಅಜ್ಜಿ ಹೇಳಲೇ ಇಲ್ಲ! ಮೆಟ್ಟಿಲು ಬಂದ್ರೆ ಅಜ್ಜಿ ಹೇಳಬೇಕು ತಾನೇ? ಅಜ್ಜಿ ಹೇಳೋದು, ಅಜ್ಜ ನಡೆಯೋದು. ಅದು ಅವರಿಬ್ಬರ ಆಟ. ನೀನು ಅಜ್ಜಿಗೆ ಮಾತಾಡಬೇಡ ಅಂದ್ಬಿಟ್ಟೆ."

ನಾನು ಅಪ್ಪನ ಎದುರು ಮಂಡಿಯೂರಿದೆ. ಅವರ ಕನ್ನಡಕ ನೀರಿಗೆ ಬಿದ್ದು ಹೋಗಿತ್ತು. "ನನ್ನ ಕಡೆ ನೋಡಿ" ಎಂದೆ. ಅಪ್ಪ ನೋಡಿದರು, ನನ್ನ ಎಡಗಿವಿಯ ಪಕ್ಕಕ್ಕೆ. ಅವರ ಮುಖದ ನೇರಕ್ಕೆ ಮೂರು ಬೆರಳು ಹಿಡಿದೆ. "ಎಷ್ಟು?"

"ಅಂಗಡಿ ಆಟ ಎಲ್ಲಾ ಇಲ್ಲಿ ಬೇಡ ಕಣೇ."

"ಎಷ್ಟು ಹೇಳಿ ಅಪ್ಪ."

ಅವರು ಸುಮ್ಮನಿದ್ದರು. ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ, ಕೆನ್ನೆಯಾಚೆ. "ಮೂರು" ಎಂದರು ತಕ್ಷಣ. ಮತ್ತೆ ನಡುವಿಗೆ ತಂದೆ. ಮತ್ತೆ ಮೌನ.

ಇಂಥವರು ನಮ್ಮ ಅಂಗಡಿಗೆ ತಿಂಗಳಿಗೆ ಇಬ್ಬರಾದರೂ ಬರುತ್ತಾರೆ. ಕಣ್ಣಿನ ಹಿಂದೆ ನಟ್ಟನಡುವಿನ ಜಾಗ ಸವೆದುಹೋಗಿರುತ್ತದೆ. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಕೋಣೆಯೊಳಗೆ ಓಡಾಡುತ್ತಾರೆ, ಕುರ್ಚಿ ಹುಡುಕಿ ಕೂರುತ್ತಾರೆ, ಆದರೆ ನೇರಕ್ಕಿರುವ ಅಕ್ಷರ ಇಲ್ಲ, ಮುಖ ಇಲ್ಲ. ಯಾವ ಲೆನ್ಸೂ ಅದಕ್ಕೆ ನಾಟುವುದಿಲ್ಲ. ಅವರನ್ನು ಗುರುತಿಸುವುದು ಹೇಗೆಂದು ಕೌಂಟರಿನವಳಿಗೆ ಕಲಿಸಿಕೊಟ್ಟವಳು ನಾನು: ನಿನ್ನನ್ನು ನೋಡಬೇಕಾದರೆ ಅವರು ನಿನ್ನ ಪಕ್ಕಕ್ಕೆ ನೋಡುತ್ತಾರೆ, ಅಂಚಿನಲ್ಲಾದರೂ ಒಂದಿಷ್ಟು ಸಿಗಲಿ ಎಂದು. ಎಂಟು ದಿನ ಅಪ್ಪ ನನ್ನನ್ನು ನೋಡಲು ಹೆಣಗುತ್ತಿದ್ದರು, ನಾನು ಅದನ್ನು ಸಿಟ್ಟು ಎಂದು ತಿಳಿದಿದ್ದೆ. ಊರವರ ಕಣ್ಣೆಲ್ಲ ನೋಡುವ ನನಗೆ, ನಮ್ಮಪ್ಪನ ಕಣ್ಣು ನೋಡುವಷ್ಟು ಪುರುಸೊತ್ತಿರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಎಷ್ಟು ದಿನದಿಂದ?" ಎಂದೆ.

"ಎರಡು ವರ್ಷ ಆಗ್ತಾ ಬಂತು. ಡಾಕ್ಟರಿಗೆ ತೋರಿಸಿದ್ವಿ, ಇಂಜೆಕ್ಷನ್ ಎಲ್ಲಾ ಆಯ್ತು. ಹೋಗಿದ್ದು ಹೋಯ್ತು, ಉಳಿದಿದ್ದನ್ನ ನೋಡ್ಕೊಳ್ಳಿ ಅಂದ್ರು."

"ನನಗೆ ಹೇಳೋಕೇನು ರೋಗ ನಿಮಗೆ?"

"ಹೇಳಿದ್ರೆ ಏನು ಮಾಡ್ತಿದ್ದೆ? ಕನ್ನಡಕದ ಮೇಲೆ ಕನ್ನಡಕ ಮಾಡ್ತಿದ್ದೆ. ಯಾವುದೂ ಆಗದೆ ಇದ್ದಾಗ ಅಳ್ತಿದ್ದೆ. ನೀನು ಅಳೋದು ನನಗೆ ಕಾಣಲ್ಲ, ಬರೀ ಕೇಳಿಸುತ್ತೆ. ಅದು ಇನ್ನೂ ಕಷ್ಟ." ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಅಷ್ಟು ಹೊತ್ತಿಗೆ ಅಮ್ಮ ಬಂದಿದ್ದಳು, ಬರಿಗಾಲಲ್ಲಿ. ಚಪ್ಪಲಿ ಬೆಂಚಿನ ಕೆಳಗೇ ಬಿಟ್ಟು ಬಂದಿದ್ದಳು. ಅಪ್ಪನ ಮಂಡಿ ನೋಡಿದಳು, ಹರಿದ ಪ್ಯಾಂಟು ನೋಡಿದಳು, ಬಾಟಲಿಯ ನೀರಿನಿಂದ ಗಾಯ ತೊಳೆದು ಕರ್ಚೀಫು ಕಟ್ಟಿದಳು. ಒಂದು ಮಾತಿಲ್ಲ. ಅಪ್ಪ ಗಾಳಿಯಲ್ಲಿ ಕೈಯಾಡಿಸಿ ಅವಳ ಭುಜ ಹುಡುಕಿ, "ನನಗೇನೂ ಆಗಿಲ್ಲ ಕಣೇ" ಎಂದರು. ಅವಳು ಕರ್ಚೀಫಿನ ಗಂಟನ್ನು ಇನ್ನೊಮ್ಮೆ ಬಿಗಿದಳು.

ಬುಗುರಿಗೂ ಅಪ್ಪನಿಗೂ ಬ್ರೆಡ್ಡು ಕೊಟ್ಟು ಕೂರಿಸಿ, ಅಮ್ಮನನ್ನು ಅವಳ ಚಪ್ಪಲಿಯಿದ್ದ ಬೆಂಚಿಗೆ ಕರೆದುಕೊಂಡು ಬಂದೆ. ಅಲ್ಲಿಂದ ಅವರಿಬ್ಬರೂ ಕಣ್ಣಳತೆಯಲ್ಲೇ ಇದ್ದರು. ಕ್ಷಮಿಸು ಎನ್ನಬೇಕೆಂದು ಹೊರಟೆ, ಬಾಯಿಗೆ ಬಂದದ್ದು ಬೇರೆ.

"ಇಂಥಾ ಸ್ಥಿತೀಲಿ ಮಗೂನ ಕರ್ಕೊಂಡು ಹೋಗ್ತೀವಿ ಅಂತ ಹೇಗಮ್ಮ ಒಪ್ಕೊಂಡೆ? ಒಂದು ತಿಂಗಳು ಅವರನ್ನೂ ನೋಡ್ಕೊಂಡು, ಇವಳ ಹಿಂದೇನೂ ಓಡ್ಕೊಂಡು..."

ಅಮ್ಮ ನೀರಿನ ಕಡೆಯೇ ನೋಡುತ್ತಿದ್ದಳು. "ಫೋನಲ್ಲಿ ನಿನ್ನ ದನಿ ಕೇಳಿ ಒಪ್ಕೊಂಡೆ. ಸೋತು ಸುಣ್ಣ ಆಗಿದ್ದೆ ನೀನು." ಚಪ್ಪಲಿಗೆ ಕಾಲು ತೂರಿಸುತ್ತ, "ಅದೊಂದೇ ಅಲ್ಲ. ಬುಗುರಿ ಚೂಟಿ. ಅವಳಿದ್ರೆ ಒಂದಿಷ್ಟು ಅವಳೂ ಹೇಳ್ತಾಳೆ ಅವರಿಗೆ. ನನಗೂ ಒಂದು ತಿಂಗಳು ಬಾಯಿಗೆ ಬಿಡುವು ಸಿಗುತ್ತೆ ಅಂತ ಆಸೆ ಆಯ್ತು. ತಪ್ಪು. ಏಳು ವರ್ಷದ ಕೂಸು."

ನಾನು ಬಿಡುವಿಗಾಗಿ ಯಾವ ಮಗುವನ್ನು ಕಳಿಸುತ್ತಿದ್ದೆನೋ, ಅದೇ ಮಗುವನ್ನು ಬಿಡುವಿಗಾಗಿ ಅವಳು ಕರೆದೊಯ್ಯುತ್ತಿದ್ದಳು. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವೇನೋ.

"ನಾನು ಹಾಗೆ ಬೈಯಬಾರದಿತ್ತು ಅಮ್ಮ. ನನಗೆ ಗೊತ್ತಿರಲಿಲ್ಲ. ನಿನಗೆ ಬೇಜಾರಾಗಿ ನೀನು..."

"ಬೇಜಾರಾಗಿ ಅಲ್ಲ ಕಣೇ." ಅಮ್ಮ ಮೊದಲ ಸಲ ನನ್ನತ್ತ ತಿರುಗಿದಳು. "ನಿಜ ಹೇಳ್ಲಾ? ನೀನು ಬಾಯಿ ಮುಚ್ಚು ಅಂದಾಗ ಸಿಟ್ಟು ಬಂತು, ಹೌದು. ಅದು ಇಲ್ಲಿ ಬಂದು ಕೂರೋ ತನಕ. ಕೂತೆ, ಚಪ್ಪಲಿ ಬಿಟ್ಟೆ. ಎದುರಿಗೆ ನೀರು. ಯಾರಿಗೂ ಹೇಳಬೇಕಾಗಿಲ್ಲ, ಸುಮ್ನೆ ನೋಡಿದ್ರಾಯ್ತು. ಎರಡು ವರ್ಷದಿಂದ ನಾನು ಏನನ್ನೂ ಸುಮ್ನೆ ನೋಡಿಲ್ಲ. ಕಣ್ಣಿಗೆ ಬಿದ್ದಿದ್ದೆಲ್ಲ ಬಾಯಿಗೆ ಬರಬೇಕು. ನಿದ್ದೇಲೂ ಹೇಳ್ತೀನಂತೆ, ಇಲ್ಲಿ ಮೆಟ್ಟಿಲು, ಇಲ್ಲಿ ಬಾಗಿಲು ಅಂತ. ಇವತ್ತು ಎಷ್ಟು ಹಾಯಾಗಿತ್ತು ಅಂದ್ರೆ..." ಅಪ್ಪನಿದ್ದ ಕಡೆ ಕಣ್ಣು ಹಾಯಿಸಿದಳು. "ಅವರು ಆ ಮೆಟ್ಟಿಲ ಕಡೆ ಹೋಗ್ತಿದ್ದಿದ್ದು ನನಗೆ ಕಾಣಿಸ್ತಾ ಇತ್ತು. ಚೆನ್ನಾಗಿ ಕಾಣಿಸ್ತಾ ಇತ್ತು. ಯಾರೋ ಒಬ್ಬರು ಮುದುಕರು ನೀರಿನ ಕಡೆ ಹೋಗ್ತಾ ಇದ್ದಾರೆ ಅನ್ನೋ ಹಾಗೆ ನೋಡ್ತಾ ಕೂತಿದ್ದೆ. ಕೂಗಬೇಕು ಅಂತ ಹೊಳೀಲೇ ಇಲ್ಲ."

ಅವಳು ಅತ್ತಳು, ಸದ್ದಿಲ್ಲದೆ, ಅಪ್ಪನಿಗೆ ಕೇಳದ ಹಾಗೆ. ಹಾಗೆ ಅಳುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು ಎಂದು ಕಾಣುತ್ತದೆ. ನಾನು ಅವಳ ಕೈ ಹಿಡಿದುಕೊಂಡು ಕೂತೆ. ನಾಳೆಯ ರೈಲಿಗೆ ಯಾರೂ ಹತ್ತುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಅಪ್ಪ ಅಮ್ಮ ಈ ತಿಂಗಳು ನಮ್ಮಲ್ಲೇ ಇರಬೇಕು, ಆಮೇಲಿನದು ಆಮೇಲೆ ನೋಡಿಕೊಳ್ಳಬೇಕು. ಬೇರೆ ದಾರಿಯಿಲ್ಲ. ಕ್ಯಾಲೆಂಡರಿನ ಪೆನ್ಸಿಲ್ ಗೆರೆ ನೆನಪಾಯಿತು. ನನಗೂ ಅಳು ಬಂತು. ಸುಳ್ಳು ಹೇಳುವುದಿಲ್ಲ, ಅದರಲ್ಲಿ ಅರ್ಧ ಅಪ್ಪನಿಗಾಗಿ, ಇನ್ನರ್ಧ ಆ ತಿಂಗಳಿಗಾಗಿ.

ವಾಪಸ್ ಹೊರಟಾಗ ಅಪ್ಪನ ಕೈ ನನ್ನ ಚೀಲದ ಪಟ್ಟಿಯ ಮೇಲಿತ್ತು. ನಾನು ಹೇಳತೊಡಗಿದೆ. "ಕಲ್ಲು ಎದ್ದಿದೆ. ಎದುರಿಗೆ ಜನ." ಅಷ್ಟು ಹೇಳುವಷ್ಟರಲ್ಲಿ ಜನ ಬಂದು ನಮಗೆ ಡಿಕ್ಕಿ ಹೊಡೆದಾಗಿತ್ತು. ಅಮ್ಮ ಇದನ್ನು ಹೇಗೆ ಮಾಡುತ್ತಿದ್ದಳೋ! ಎರಡು ಹೆಜ್ಜೆ ಮುಂದಿನದನ್ನು ಹೇಳಬೇಕು, ಬೇಕಾದ್ದನ್ನಷ್ಟೇ ಹೇಳಬೇಕು, ನಿಲ್ಲಿಸಬಾರದು. ರಸ್ತೆ ದಾಟಿ ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಅಮ್ಮ ಬುಗುರಿಯ ಕೈ ಹಿಡಿದು ಹಿಂದೆ ಬರುತ್ತಿದ್ದಳು, ನಾನು ತಪ್ಪಿದ ಕಡೆಯೂ ತಿದ್ದಲಿಲ್ಲ.

ಪುಣ್ಯಕ್ಕೆ ಬಸ್ಸು ಖಾಲಿಯಿತ್ತು, ಮನೆಯ ಹತ್ತಿರಕ್ಕೇ ಹೋಗುವ ಬಸ್ಸು. ಕಿಟಕಿಯ ಪಕ್ಕ ಅಪ್ಪ, ಅವರ ಪಕ್ಕ ನಾನು. ಆಚೆ ಬದಿಯ ಸೀಟಿನಲ್ಲಿ ಅಮ್ಮ, ಬುಗುರಿ. ಬಸ್ಸು ಹೊರಟು ಐದು ನಿಮಿಷಕ್ಕೆ ಅಮ್ಮನಿಗೆ ನಿದ್ದೆ ಬಂದುಬಿಟ್ಟಿತು. ಆಗಲೇ ಗಂಡನ ಫೋನು. "ಬಂದೆ ಕಣೇ, ದಂಡೇಲೇ ಇದ್ದೀನಿ. ಐಸ್‌ಕ್ರೀಮ್ ಗಾಡಿ ಹತ್ರ. ಎಲ್ಲಿದ್ದೀರಿ ನೀವು?" ಮನೆಗೆ ಬನ್ನಿ, ಹೇಳ್ತೀನಿ ಎಂದು ಫೋನಿಟ್ಟೆ.

"ನಿಮ್ಮಮ್ಮ ನಿದ್ದೆ ಮಾಡ್ತಿದ್ದಾಳಾ?" ಅಪ್ಪ ಕೇಳಿದರು.

"ಹ್ಞೂಂ."

"ಒಂದು ಕೇಳ್ತೀನಿ, ಸರಿಯಾಗಿ ಹೇಳು. ಮುಖ ಹೇಗಿದೆ?"

"ಯಾರದು?"

"ಅವಳದು. ಎಲ್ಲರದೂ ಹೇಳ್ತಾಳೆ ಅವಳು. ಯಾರ ಮುಖ ಸಪ್ಪಗಿದೆ, ಯಾರು ನಕ್ರು, ನಿನಗೆ ಎಲ್ಲಿ ಬಿಳಿಕೂದಲು ಬಂದಿದೆ, ಎಲ್ಲಾ. ಅವಳದು ಮಾತ್ರ ಹೇಳಲ್ಲ. ಕೇಳಿದ್ರೆ, ಇದ್ದ ಹಾಗೇ ಇದೆ ರೀ ಅಂತಾಳೆ."

ನಾನು ಆಚೆ ಸೀಟಿಗೆ ತಿರುಗಿದೆ. ಅಮ್ಮನ ತಲೆ ಕಿಟಕಿಯ ಗಾಜಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು. ಚೆನ್ನಾಗಿದೆ ಅಪ್ಪ, ಇದ್ದ ಹಾಗೇ ಇದೆ ಎಂದುಬಿಡಬಹುದಿತ್ತು. ಎರಡು ವರ್ಷದಿಂದ ಅಮ್ಮ ಅದನ್ನೇ ಹೇಳಿಕೊಂಡು ಬಂದಿದ್ದಳು, ನಾನೂ ಅದನ್ನೇ ಮುಂದುವರಿಸಬಹುದಿತ್ತು. ಅವರು ಕಾಯುತ್ತಿದ್ದರು, ಕಣ್ಣು ನನ್ನ ಕಿವಿಯ ಪಕ್ಕಕ್ಕೆ. ಅಂದರೆ ನನ್ನನ್ನೇ ನೋಡುತ್ತಿದ್ದರು.

"ಇಳಿದುಹೋಗಿದ್ದಾಳೆ ಅಪ್ಪ" ಎಂದೆ. "ಕೆನ್ನೆ ಒಳಗೆ ಹೋಗಿದೆ. ಮುಂದಿನ ಕೂದಲೆಲ್ಲ ಬೆಳ್ಳಗಾಗಿದೆ. ಹುಬ್ಬಿನ ನಡುವೆ ಎರಡು ಗೆರೆ, ನಿದ್ದೇಲೂ ಹೋಗಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿದೆ."

"ಎಂಥಾ ಕಪ್ಪು?"

"ಪೂರ್ತಿ ಕಪ್ಪಲ್ಲ. ಪೆನ್ಸಿಲ್ ಉಜ್ಜಿದ ಹಾಗೆ. ತುಂಬಾ ಸುಸ್ತಾಗಿದೆ ಅಪ್ಪ ಅವಳಿಗೆ."

ಅಪ್ಪ ತಲೆಯಾಡಿಸಿದರು. ಮಂಡಿಗೆ ಕಟ್ಟಿದ ಕರ್ಚೀಫಿನ ಗಂಟನ್ನು ಬೆರಳಿನಲ್ಲಿ ಸವರುತ್ತ ಕೂತಿದ್ದರು.

ನಮ್ಮ ಸ್ಟಾಪು ಬಂತು. ಬುಗುರಿ ಎದ್ದು ಅಜ್ಜಿಯ ತೋಳಿಗೆ ಕೈ ಹಾಕಿದಳು. "ಎಬ್ಬಿಸಬೇಡ" ಎಂದರು ಅಪ್ಪ.

"ನಮ್ಮ ಸ್ಟಾಪ್ ಅಪ್ಪ."

"ಬಸ್ಸು ಮುಂದೆ ಹೋಗುತ್ತಲ್ವಾ?"

"ಹೋಗುತ್ತೆ. ಕೊನೇ ಸ್ಟಾಪಿಗೆ ಇನ್ನು ಅರ್ಧ ಗಂಟೆ."

"ಹೋಗಲಿ ಬಿಡು."

ನನ್ನ ಕಾಲುಗಳು ಬಿದ್ದುಹೋಗುತ್ತಿದ್ದವು. ಮನೆ ಅಲ್ಲೇ, ರಸ್ತೆಯಾಚೆ, ನಮ್ಮ ಕಿಟಕಿಯಲ್ಲಿ ಒಣಹಾಕಿದ ಟವೆಲು ಕಾಣುತ್ತಿತ್ತು. ನಾನು ಬುಗುರಿಯ ಕೈ ಹಿಡಿದು ಕೂರಿಸಿದೆ. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಈ ಕಡೆಯ ಬೀದಿಗಳನ್ನು ನಾನೂ ನೋಡಿದವಳಲ್ಲ.

"ಈಗ ಏನು ಬಂತು?" ಎಂದರು ಅಪ್ಪ.

"ಒಂದು ಬೇಕರಿ" ಎಂದೆ. "ಬೋರ್ಡು ಹಳೇದು, ಕೈಯಲ್ಲಿ ಬರೆದಿದ್ದು. ಕೆಂಪು ಅಕ್ಷರ. ಹೊಟ್ಟೆ ದಪ್ಪ."

"ಎಷ್ಟು ದಪ್ಪ?" ಎಂದು ಕೇಳಿದರು ಅಪ್ಪ, ಮೆಲ್ಲಗೆ, ಅಮ್ಮನಿಗೆ ಎಚ್ಚರವಾಗದ ಹಾಗೆ.